ಪ್ರತಿ ಶೋನಲ್ಲೂ ಹಾಡಿನ ಪಟ್ಟಿ ಬದಲಿಸುವ ರಾಕ್ ಬ್ಯಾಂಡ್ ಯಾವುದು? (ಒಂದೇ ಪಟ್ಟಿಗೆ ಎರಡು ಸಲ ದುಡ್ಡು ಕೊಟ್ಟವನ ಪ್ರಶ್ನೆ)

ಕಾಳಿದಂಡೆ, ಕಾರವಾರ
ಮೊದಲು ಹೊಟ್ಟೆಯುರಿ ಹೇಳಿಕೊಂಡುಬಿಡುತ್ತೇನೆ. ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಬ್ಯಾಂಡಿನ ಶೋ ನೋಡಿದೆ. ಹೆಸರು ಬೇಡ, ಅವರ ಅಭಿಮಾನಿಗಳು ಇಲ್ಲೂ ಇರಬಹುದು. ಪಂಚಗಂಗಾ ರೈಲಿನಲ್ಲಿ ವಾಪಸ್ ಬರುವಾಗ ರಾತ್ರಿಯಿಡೀ ನಿದ್ದೆ ಬರಲಿಲ್ಲ, ಅಷ್ಟು ಚೆನ್ನಾಗಿತ್ತು. ಒಂಬತ್ತನೇ ಹಾಡಿಗೆ ಮೊದಲು ಹಾಡುಗಾರ ಸುಮ್ಮನೆ ನಿಂತ. ಗಿಟಾರಿನ ತಂತಿ ಒರೆಸಿದ. 'ಇದನ್ನ ಇವತ್ತು ನುಡಿಸೋ ಯೋಚನೆ ಇರಲಿಲ್ಲ, ನಿಮ್ಮನ್ನ ನೋಡಿ ಮನಸ್ಸಾಯ್ತು' ಅಂದ. ಮೈ ಜುಮ್ಮೆಂದಿತ್ತು.

ಆರು ವಾರ ಬಿಟ್ಟು ಅವರೇ ಗೋವಾಕ್ಕೆ ಬಂದರು. ಮತ್ತೆ ಟಿಕೆಟ್ ತೆಗೆದೆ. ಗೆಳೆಯನ ಬೈಕಿನಲ್ಲಿ ಪೋಳೆಂ ದಾಟಿ, ಕಾಣಕೋಣದ ತಿರುವುಗಳನ್ನೆಲ್ಲ ಹತ್ತಿಳಿದು ಹೋದೆವು. ಅದೇ 14 ಹಾಡು. ಅದೇ ಕ್ರಮ. ಒಂಬತ್ತನೇ ಹಾಡಿಗೆ ಮೊದಲು ಪುಣ್ಯಾತ್ಮ ಸುಮ್ಮನೆ ನಿಂತ. ತಂತಿ ಒರೆಸಿದ. 'ಇವತ್ತು ನುಡಿಸೋ ಯೋಚನೆ ಇರಲಿಲ್ಲ...'

ಗೆಳೆಯನಿಗೆ ಮೈ ಜುಮ್ಮೆಂದಿತು. ನಾನು ನೀರು ಕುಡಿಯಲು ಹೋದೆ.

ಹಾಗಾಗಿ ಎರಡು ಪ್ರಶ್ನೆ. ನಿಜವಾಗಿಯೂ ದಿನ ದಿನ ಪಟ್ಟಿ ಬದಲಿಸಿ, ಸ್ಟೇಜಿನ ಮೇಲೆ ಗೆಲ್ಲುವ ಬ್ಯಾಂಡುಗಳು ಯಾವುವು? ಎರಡನೆಯದು ಸ್ವಾರ್ಥದ್ದು. ನಾವು ನಾಲ್ಕು ಜನ ಸೇರಿ ನುಡಿಸುತ್ತೇವೆ. ಚೌತಿಗೆ ನಮ್ಮ ಕೇರಿಯ ಗಣಪತಿ ಪೆಂಡಾಲಿನಲ್ಲಿ ಒಂದೂವರೆ ತಾಸು ಕೊಟ್ಟಿದ್ದಾರೆ. ನಮಗೆ ಬರುವುದು 22 ಹಾಡು. ಪಟ್ಟಿ ಗಟ್ಟಿ ಮಾಡಿಕೊಂಡು ಹೋಗಬೇಕೋ, ಅಲ್ಲೇ ನೋಡಿಕೊಳ್ಳಬೇಕೋ?

ಬೈತಖೋಲ್
ಗ್ರೇಟ್‌ಫುಲ್ ಡೆಡ್. ಉತ್ತರ ಮುಗಿಯಿತು. ಎಲ್ಲರೂ ಮಲಗಿ.

ಶಿರಸಿ ಸೋನೆ
ಬೈತಖೋಲ್ ಅವರು ಮಲಗಲಿ, ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ 1995ರಲ್ಲಿ ಅವರ ಗಿಟಾರಿನ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗೆ 2,300ಕ್ಕೂ ಜಾಸ್ತಿ ಶೋ ಕೊಟ್ಟರು. ಒಂದು ಹಾಡು ನಿಲ್ಲಿಸದೆಯೇ ಇನ್ನೊಂದಕ್ಕೆ ಜಾರುವುದು ಅವರ ಅಭ್ಯಾಸ. ಎಲ್ಲಿ ಜಾರುತ್ತಾರೆ ಅಂತ ಅವರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ.

ಜನ ಮೈಕ್ ತಂದು ರೆಕಾರ್ಡ್ ಮಾಡಿಕೊಂಡರೆ ಬೇರೆ ಬ್ಯಾಂಡಿನವರು ಹೊರಗೆ ಹಾಕಿಸುತ್ತಿದ್ದರು. ಇವರು 1984ರಲ್ಲಿ ರೆಕಾರ್ಡ್ ಮಾಡುವವರಿಗೆ ಅಂತಲೇ ಬೇರೆ ಜಾಗ ಕೊಟ್ಟರು. ಮಾರಬಾರದು, ಬದಲಿಸಿಕೊಳ್ಳಬಹುದು, ಇಷ್ಟೇ ಷರತ್ತು. ಪಟ್ಟಿ ಬದಲಿಸುವುದಕ್ಕೆ ಬೆಲೆ ಬಂದಿದ್ದೇ ಅದರಿಂದ. ನಿನ್ನೆಯ ಕ್ಯಾಸೆಟ್ ಇವತ್ತು ಕೈಗೆ ಸಿಗುತ್ತದೆ ಅಂದಮೇಲೆ ನಿನ್ನೆಯದನ್ನೇ ಇವತ್ತೂ ನುಡಿಸಲು ನಾಚಿಕೆ ಆಗುವುದಿಲ್ಲವಾ? 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನುಡಿಸಿದ್ದನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಬೇಕಾದ ಧ್ವನಿಮುದ್ರಣಗಳ ಸಾಲಿಗೆ ಸೇರಿಸಿದೆ.

ಅಪ್ಪೆಮಿಡಿ, ಸಿದ್ದಾಪುರ
ನಾನೂ ಕೇಳಿದ್ದೇನೆ. ಅರ್ಧ ತಾಸು ಶ್ರುತಿ ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದೇ ಹಾಡು.

ಬೈತಖೋಲ್
ಅಕ್ಕಾ 😂

ಯಲ್ಲಾಪುರ ಎಕ್ಸ್‌ಪ್ರೆಸ್
ಡೆಡ್ ಬಿಟ್ಟರೆ ಫಿಶ್. ವರ್ಮಾಂಟಿನಲ್ಲಿ 1983ರಲ್ಲಿ ಹುಟ್ಟಿದ ಬ್ಯಾಂಡ್. 2017ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 13 ರಾತ್ರಿ ನುಡಿಸಿದರು. ಒಟ್ಟು 237 ಹಾಡು. ಒಂದೂ ಎರಡನೇ ಸಲ ಬರಲಿಲ್ಲ. ಒಂದೊಂದು ರಾತ್ರಿಗೆ ಒಂದೊಂದು ಡೋನಟ್ ರುಚಿ ಅಂತ ಇಟ್ಟು, ಆ ರುಚಿಗೆ ಹೊಂದುವ ಹಾಡುಗಳನ್ನು ಸೇರಿಸಿದ್ದರು. ಕಾಳಿದಂಡೆಯವರೇ, 22 ಹಾಡು ಇಟ್ಟುಕೊಂಡು ನೀವು ತಲೆ ಕೆಡಿಸಿಕೊಂಡಿದ್ದೀರಿ.

ಶಿರಸಿ ಸೋನೆ
ಶಿರಸಿಯಲ್ಲಿ ಮಾಡಿದರೆ 13 ರಾತ್ರಿಗೆ 13 ತಂಬುಳಿ.

ಅಪ್ಪೆಮಿಡಿ, ಸಿದ್ದಾಪುರ
13 ಏನು ಮಹಾ? ನಮ್ಮ ಅತ್ತೆ ಒಬ್ಬರೇ ಒಂದು ತಿಂಗಳು ಮರುಕಳಿಸದ ಹಾಗೆ ಮಾಡುತ್ತಾರೆ. ಹಿತ್ತಿಲಲ್ಲಿ ಏನು ಚಿಗುರಿದೆ ನೋಡಿಕೊಂಡು ಅವತ್ತಿನದು. ಪಟ್ಟಿ ಗಿಟ್ಟಿ ಇಲ್ಲ.

ಸದಾಶಿವಗಡ
ನನ್ನದು ವಿರೋಧ. 2007ರ ಮಾರ್ಚ್ 17, ಬೆಂಗಳೂರು ಅರಮನೆ ಮೈದಾನ, ಐರನ್ ಮೇಡನ್. ಕಾಲೇಜಿನಿಂದ ಒಂಬತ್ತು ಹುಡುಗರು ಹೋಗಿದ್ದೆವು. ಮೇಡನ್‌ನವರು ಒಂದು ಟೂರ್ ಅಂದರೆ ಒಂದು ಪಟ್ಟಿ. ಹೆಚ್ಚುಕಮ್ಮಿ ಬದಲಾಗುವುದಿಲ್ಲ. ಹಿಂದಿನ ಪರದೆ, ಅವರ ಭೂತದಂಥ ಬೊಂಬೆ ಎಡ್ಡಿ ಬರುವ ಹೊತ್ತು, ದೀಪ, ಬೆಂಕಿ ಎಲ್ಲ ಆ ಪಟ್ಟಿಗೆ ಹೊಲಿದಿರುತ್ತದೆ. ನನಗೆ ಅವತ್ತು ಒಂದು ಕ್ಷಣವೂ ಇದು ನಿನ್ನೆಯ ಸಾಂಬಾರು ಅನ್ನಿಸಲಿಲ್ಲ. ಮರುದಿನ ಕಂಠ ಇರಲಿಲ್ಲ, ಬಸ್ಸಿನಲ್ಲಿ ಟಿಕೆಟ್ ಕೇಳಲೂ ಕೈಸನ್ನೆ.

ಪಟ್ಟಿ ಒಂದೇ ಆದರೆ ತಪ್ಪಲ್ಲ. 'ಇವತ್ತು ನಿಮಗಾಗಿ' ಅಂತ ಸುಳ್ಳು ಹೇಳಿದ್ದು ತಪ್ಪು. ಕಾಳಿದಂಡೆಗೆ ಉರಿದಿದ್ದು ಅದಕ್ಕೇ ಅಲ್ವಾ?

ಕಾಳಿದಂಡೆ, ಕಾರವಾರ
ಹೌದು ಅಣ್ಣ. ಸುಳ್ಳಿಗೆ ಉರಿದಿದ್ದು. ಆದರೆ ಪೆಟ್ರೋಲಿಗೂ ಸ್ವಲ್ಪ ಉರಿದಿದೆ.

ಮೈಕ್‌ಸೆಟ್, ಕುಮಟಾ
ನಾನು ಸೌಂಡ್ ಸಿಸ್ಟಮ್ ಇಟ್ಟುಕೊಂಡವ. ಮದುವೆ, ಜಾತ್ರೆ, ರಸಮಂಜರಿ ಎಲ್ಲ ಮಾಡಿದ್ದೇನೆ. ಪಟ್ಟಿ ಯಾಕೆ ಬದಲಾಗುವುದಿಲ್ಲ ಅಂತ ಮಿಕ್ಸರ್ ಹಿಂದಿನಿಂದ ಹೇಳುತ್ತೇನೆ, ಕೇಳಿ.

ಈಗಿನ ದೊಡ್ಡ ಶೋಗಳಲ್ಲಿ ಡ್ರಮ್ಮರ್ ಕಿವಿಯಲ್ಲಿ ಟಿಕ್ ಟಿಕ್ ಅಂತ ಕ್ಲಿಕ್ ಬರುತ್ತಿರುತ್ತದೆ. ಅದೇ ಕಂಪ್ಯೂಟರಿನಿಂದ ಮೊದಲೇ ರೆಕಾರ್ಡ್ ಮಾಡಿದ ಪಿಟೀಲು, ಕೋರಸ್ ಎಲ್ಲ ಬರುತ್ತದೆ. ದೀಪವೂ ಹಿಂದಿನ ವಿಡಿಯೋ ಕೂಡ ಅದಕ್ಕೇ ಕಟ್ಟಿರುತ್ತದೆ. ಹಾಡುಗಾರನಿಗೆ ಹುರುಪು ಬಂದು ಎರಡು ಸುತ್ತು ಜಾಸ್ತಿ ಹಾಡಿದ ಅಂದುಕೊಳ್ಳಿ. ವಿಡಿಯೋದಲ್ಲಿ ಸೂರ್ಯ ಮುಳುಗಿ ಆಗಿರುತ್ತದೆ, ಈತ ಇನ್ನೂ ಬೆಳಗಾಯಿತು ಅಂತಿರುತ್ತಾನೆ.

ಇನ್ನೊಂದು ಶ್ರುತಿ. ಕೆಲವು ಹಾಡಿಗೆ ತಂತಿ ಇಳಿಸಬೇಕು. ಇಳಿಸಿದ್ದನ್ನು ಏರಿಸಬೇಕು, ಇಲ್ಲಾ ಬೇರೆ ಗಿಟಾರ್ ಎತ್ತಿಕೊಳ್ಳಬೇಕು. ಹಾಗಾಗಿ ಒಂದೇ ಶ್ರುತಿಯ ಹಾಡುಗಳನ್ನು ಒಟ್ಟಿಗೆ ಇಡುತ್ತಾರೆ. ಗಂಟಲಿನದೂ ಹಾಗೇ. ತಾರಕದ ಮೂರು ಹಾಡು ಸಾಲಾಗಿ ಇಟ್ಟರೆ ನಾಲ್ಕನೆಯದಕ್ಕೆ ಬಿಸಿನೀರೇ ಗತಿ.

ಡೆಡ್‌ನವರು ಇದಕ್ಕೆ ಉಲ್ಟಾ. 1974ರಲ್ಲಿ ನೂರಾರು ಸ್ಪೀಕರುಗಳ ಗೋಡೆಯನ್ನೇ ಕಟ್ಟಿದ್ದರು. ಅದು ಬ್ಯಾಂಡಿನ ಹಿಂದೆ ನಿಲ್ಲುತ್ತಿತ್ತು. ಜನ ಕೇಳಿದ್ದನ್ನೇ ನುಡಿಸುವವರೂ ಕೇಳಬೇಕು ಅಂತ. ಮೈಕ್ ಮುಂದೆ, ಸ್ಪೀಕರ್ ಬೆನ್ನಿಗೆ ಅಂದರೆ ನಮ್ಮ ಮೈಕ್‌ಸೆಟ್‌ನವರಿಗೆ ಎದೆ ಒಡೆಯುತ್ತದೆ, ಕುಂಯ್ ಅಂತ ಕೂಗಲೇಬೇಕು. ಅವರು ಒಬ್ಬೊಬ್ಬ ಹಾಡುಗಾರನಿಗೆ ಎರಡೆರಡು ಮೈಕ್ ಕೊಟ್ಟು ಒಂದನ್ನು ಉಲ್ಟಾ ಜೋಡಿಸಿದರು. ಎರಡಕ್ಕೂ ಸಮನಾಗಿ ಬಿದ್ದ ಸದ್ದು ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಒಂದಕ್ಕೆ ಮಾತ್ರ ಬಾಯಿ ಹಚ್ಚಿ ಹಾಡಿದ್ದು ಉಳಿಯುತ್ತದೆ. ಎಂಥಾ ತಲೆ ಮಾರಾಯ್ರೇ! ಖರ್ಚು ತಡೆಯಲಾರದೆ ಅದೇ ವರ್ಷ ಬಿಟ್ಟರು, ಅದು ಬೇರೆ ಮಾತು.

ಅಂಕೋಲೆ ಇಷಾಡ
ಇಷ್ಟು ಒಳ್ಳೆಯ ಕಾಮೆಂಟ್ ಬರೆದವರೇ ಹೋದ ವರ್ಷ ನಮ್ಮ ಮದುವೆ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಸನಾದಿ ಹಾಕಿ ಊರು ಎಬ್ಬಿಸಿದ್ದಾ?

ಮೈಕ್‌ಸೆಟ್, ಕುಮಟಾ
ಅದು ನಾನಲ್ಲ. ನಾನು ಆರಕ್ಕೆ ಹಾಕುವುದು.

ಗೋಕರ್ಣ ರಥಬೀದಿ
ಪರ್ಲ್ ಜ್ಯಾಮ್ ಯಾರೂ ಹೇಳಲಿಲ್ಲ. ಸಿಯಾಟಲ್‌ನವರು. ಅವರ ಹಾಡುಗಾರ ಎಡ್ಡಿ ವೆಡರ್ ಶೋಗೆ ಮೊದಲು ಕೂತು ಕೈಯಲ್ಲೇ ಪಟ್ಟಿ ಬರೆಯುತ್ತಾರೆ. ಆ ಊರಲ್ಲಿ ಹಿಂದಿನ ಸಲ ಏನು ನುಡಿಸಿದ್ದೆವು ಅಂತ ನೋಡಿಕೊಂಡು ಬರೆಯುತ್ತಾರೆ. ನನಗೆ ಇದು ತುಂಬಾ ಹಿಡಿಸಿದ ವಿಷಯ. ಮನೆಗೆ ಬಂದ ನೆಂಟರಿಗೆ ಹೋದ ಸಲ ಏನು ಬಡಿಸಿದ್ದೆವು ಅಂತ ನೆನಪಿಟ್ಟುಕೊಂಡ ಹಾಗೆ. 2000ದ ಟೂರಿನ ಶೋಗಳನ್ನು ಒಂದೊಂದಾಗಿ 72 ಲೈವ್ ಆಲ್ಬಮ್ ಮಾಡಿ ಬಿಟ್ಟರು. ಒಂದೇ ಪಟ್ಟಿಯಾಗಿದ್ದರೆ 72 ಯಾರು ಕೊಳ್ಳುತ್ತಿದ್ದರು?

ಮತ್ತೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್. ಜನ ಹಾಡಿನ ಹೆಸರು ರಟ್ಟಿನ ಮೇಲೆ ಬರೆದು ಎತ್ತಿ ಹಿಡಿಯುತ್ತಾರೆ, ಅವರು ಕಿತ್ತುಕೊಂಡು ಹೋಗಿ ಬ್ಯಾಂಡಿಗೆ ತೋರಿಸುತ್ತಾರೆ. 2012ರ ಜುಲೈ 31ರಂದು ಹೆಲ್ಸಿಂಕಿಯಲ್ಲಿ 4 ತಾಸು 6 ನಿಮಿಷ ನುಡಿಸಿದ್ದರು. ಅಲ್ಲಿ ಅವರಿಗೆ 'ಬಾಸ್' ಅಂತಲೇ ಹೆಸರು.

ಬೈತಖೋಲ್
ಆ ಬಿರುದಿನ ಸುದ್ದಿ ಇಲ್ಲಿ ಬೇಡ. ಜಗಳ ಬೇರೆ ಕಡೆಗೆ ಹೋಗುತ್ತದೆ.

ಚಂಡೆಪೆಟ್ಟು, ಹೊನ್ನಾವರ
ಎಲ್ಲರೂ ಅಮೆರಿಕ ಸುತ್ತಿ ಬಂದಿರಿ. ಮನೆ ಬಾಗಿಲಿನಲ್ಲಿ ಇರುವುದು ಯಾರಿಗೂ ಕಾಣಲಿಲ್ಲ. ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ನೋಡಲು ನಮ್ಮ ಅಪ್ಪ ಎಷ್ಟು ಸಲ ಹೋಗಿದ್ದಾರೋ ಲೆಕ್ಕವಿಲ್ಲ. ಕೊನೆಗೆ ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಂಡು ಸುಟ್ಟು ಹೋಗುತ್ತಾನೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ನಡುರಾತ್ರಿಯಲ್ಲಿ ದೊಂದಿ ಹಿಡಿದು ಗದ್ದೆ ದಾಟಿ ಹೋಗುತ್ತಿದ್ದರು. ಯಾಕೆ? ಇವತ್ತು ಯಾವ ಪದಕ್ಕೆ ಎಷ್ಟು ಕುಣಿಯುತ್ತಾರೆ, ಭಾಗವತರು ಎಲ್ಲಿ ಎಳೆಯುತ್ತಾರೆ, ಚಂಡೆಯವ ಎಲ್ಲಿ ಕೆಣಕುತ್ತಾನೆ, ಅದು ಅವತ್ತಿನದ್ದೇ. ಭಾಗವತ ಮೊದಲನೇ ವೇಷ ಅನ್ನುವುದು ಸುಮ್ನೆ ಅಲ್ಲ. ಗಾರ್ಸಿಯಾ ಮಾಡಿದ್ದು ಅದನ್ನೇ, ಜಾಗಟೆ ಬದಲು ಗಿಟಾರ್ ಹಿಡಿದು.

ಶಿರಸಿ ಸೋನೆ
ಒಪ್ಪಿದೆ, ಆದರೆ ಒಂದು ತಿದ್ದುಪಡಿ. ಪ್ರಸಂಗದ ಪುಸ್ತಕದಲ್ಲಿ ಪದ್ಯಗಳು ಕ್ರಮವಾಗಿಯೇ ಇರುತ್ತವೆ. ಹುಟ್ಟುವುದು ಅರ್ಥ ಮತ್ತು ಕುಣಿತ. ಅಂದರೆ ಪಟ್ಟಿ ಗಟ್ಟಿ, ನುಡಿಸಾಣಿಕೆ ಬೇರೆ. ಇದು ಫಿಶ್ ಜಾತಿಯದ್ದಲ್ಲ, ಡೀಪ್ ಪರ್ಪಲ್ ಜಾತಿಯದ್ದು. ಅವರು 1972ರ ಆಗಸ್ಟಿನಲ್ಲಿ ಒಸಾಕಾ, ಟೋಕಿಯೊಗಳಲ್ಲಿ ನುಡಿಸಿದ್ದು ಲೈವ್ ಆಲ್ಬಮ್ ಆಗಿ ಬಂದಿದೆ. ಸ್ಟುಡಿಯೋದಲ್ಲಿ ನಾಲ್ಕೂವರೆ ನಿಮಿಷದ ಹಾಡು ಅದರಲ್ಲಿ ಹತ್ತಿರ ಹತ್ತಿರ 20 ನಿಮಿಷ ಆಗಿದೆ. ಲೆಡ್ ಝೆಪೆಲಿನ್ ಕೂಡ ಇದೇ ಜಾತಿ. ಹಾಡುಗಳ ಹೆಸರು ಓದಿದರೆ ಎರಡು ರಾತ್ರಿ ಒಂದೇ ಥರ ಕಾಣುತ್ತದೆ. ಕೇಳಿದರೆ ಸಂಬಂಧವೇ ಇಲ್ಲ.

ಪೂರ್ತಿ ಆಚೆ ದಡ ಬೇಕಾದರೆ ತಾಳಮದ್ದಳೆ ಹಿಡಿಯಿರಿ. ವೇಷವಿಲ್ಲ, ಕುಣಿತವಿಲ್ಲ. ಎದುರಿನವರು ಏನು ಕೇಳುತ್ತಾರೆ ಅಂತ ಗೊತ್ತಿಲ್ಲದೆ ಕೂತುಕೊಳ್ಳುವುದು. ಕೃಷ್ಣ ಸೋತು ಕೌರವ ಗೆದ್ದು ಎದ್ದ ತಾಳಮದ್ದಳೆ ನಾನೇ ನೋಡಿದ್ದೇನೆ, ಮಾತಿನಲ್ಲಿ.

ಚಂಡೆಪೆಟ್ಟು, ಹೊನ್ನಾವರ
ಸೋನೆ ಭಾವ, ಪುಸ್ತಕದಲ್ಲಿ ಇದ್ದದ್ದೆಲ್ಲ ರಂಗಕ್ಕೆ ಬರುತ್ತದೆ ಅಂತ ಯಾರು ಹೇಳಿದರು? ವೇಷಧಾರಿಗೆ ಅವತ್ತು ಮೈ ಬಂದಿದ್ದರೆ ಪದ್ಯ ಎಳೆಯುತ್ತಾರೆ. ಬರಲಿಲ್ಲವೋ, ಮೂರು ಪದ್ಯ ಹಾರಿಸಿ ಮುಂದಿನ ವೇಷ ಕರೆಸುತ್ತಾರೆ. ಕೆಟ್ಟದ್ದು ಈ ಕಾಲಮಿತಿ ಬಂದಮೇಲೆ. ಮೂರು ತಾಸಿನಲ್ಲಿ ಮುಗಿಸಬೇಕು ಅಂದರೆ ರೈಲು ಓಡಿಸಿದ ಹಾಗೆ. ಕುಮಟಾದವರು ಹೇಳಿದ ಟಿಕ್ ಟಿಕ್ ಇದೇ ಅಲ್ವಾ?

ಸದಾಶಿವಗಡ
ಕಾಲಮಿತಿ ಬಂದಿದ್ದಕ್ಕೇ ನನ್ನಂಥವರು ಮರುದಿನ ಕೆಲಸಕ್ಕೆ ಹೋಗುವಂತಾಯಿತು. ಎಲ್ಲದಕ್ಕೂ ಬೈಯಬೇಡಿ.

ಅಪ್ಪೆಮಿಡಿ, ಸಿದ್ದಾಪುರ
ನಾನೊಂದು ಮಾತು ಹೇಳುತ್ತೇನೆ, ಹುಡುಗರು ಸಿಟ್ಟಾಗಬೇಡಿ. ದಿನಾ ಪಟ್ಟಿ ಬದಲಿಸಬೇಕು ಅನ್ನುವುದು ಒಂದೇ ಬ್ಯಾಂಡನ್ನು 30 ಸಲ ನೋಡಿದವರ ಆಸೆ. ನಾನು ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, ರಾತ್ರಿ ಬಸ್ ಹಿಡಿದು, ಹತ್ತು ವರ್ಷಕ್ಕೊಮ್ಮೆ ಒಂದು ಶೋಗೆ ಹೋಗುವವಳು. ಕಾಲೇಜಿನಲ್ಲಿ ವಾಕ್‌ಮನ್‌ನಲ್ಲಿ ಕೇಳಿ ಸವೆಸಿದ ಆ ಒಂದು ಹಾಡು ಬೇಕು. 'ಅದನ್ನ ನಿನ್ನೆ ನುಡಿಸಿಬಿಟ್ಟೆವು, ಇವತ್ತು ಯಾರೂ ಕೇಳದ್ದು ನುಡಿಸುತ್ತೇವೆ' ಅಂದರೆ ನಾನು ಏನು ಮಾಡಬೇಕು? ನಿನ್ನೆ ಬಂದಿರಲಿಲ್ಲವಲ್ಲ ನಾನು.

ನಮ್ಮಜ್ಜಿ ಹೇಳುತ್ತಿದ್ದರು, ಕಂಪನಿ ನಾಟಕದಲ್ಲಿ ಜನ 'ಒನ್ಸ್ ಮೋರ್' ಅಂತ ಕೂಗಿದರೆ ಸತ್ತು ಬಿದ್ದ ಪಾತ್ರ ಎದ್ದು ಬಂದು ಮತ್ತೆ ಹಾಡಿ ಮತ್ತೆ ಸಾಯುತ್ತಿತ್ತಂತೆ. ಜನಕ್ಕೆ ಬೇಕಾಗಿದ್ದು ಅದೇ ಹಾಡು. ಹೊಸದಲ್ಲ.

ಗೋಕರ್ಣ ರಥಬೀದಿ
ಅಕ್ಕ ಹೇಳಿದ್ದರಲ್ಲಿ ನ್ಯಾಯವಿದೆ. ಬಾಬ್ ಡಿಲನ್ 1988ರಿಂದ ಹೆಚ್ಚುಕಮ್ಮಿ ನಿಲ್ಲದೆ ಟೂರ್ ಮಾಡಿದರು. ಪಟ್ಟಿ ಬದಲು, ರಾಗ ಬದಲು. ಅರ್ಧ ಹಾಡು ಮುಗಿದಮೇಲೆ ಜನಕ್ಕೆ 'ಓ, ಇದಾ!' ಅಂತ ಗೊತ್ತಾಗುತ್ತಿತ್ತು. ಅದೇ ಮನುಷ್ಯ 2021ರಿಂದ ಈಚೆ ಹೊಸ ಆಲ್ಬಮ್ ಹಿಡಿದು ಹೆಚ್ಚಿನ ಊರುಗಳಲ್ಲಿ ಒಂದೇ ಪಟ್ಟಿ ನುಡಿಸಿದರು.

ಯಲ್ಲಾಪುರ ಎಕ್ಸ್‌ಪ್ರೆಸ್
ಡಿಲನ್ ಬ್ಯಾಂಡ್ ಅಲ್ಲ.

ಗೋಕರ್ಣ ರಥಬೀದಿ
ಸ್ಪ್ರಿಂಗ್‌ಸ್ಟೀನ್ ಹೇಳಿದಾಗ ಸುಮ್ಮನಿದ್ದೆಯಲ್ಲ ತಮ್ಮಾ?

ಯಲ್ಲಾಪುರ ಎಕ್ಸ್‌ಪ್ರೆಸ್
ಆಗ ಊಟ ಮಾಡುತ್ತಿದ್ದೆ.

ಸರಿ, ಬ್ಯಾಂಡೇ ಬೇಕಾದರೆ ಮೆಟಾಲಿಕಾ. 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿಗೆ ಬಂದಿದ್ದರಲ್ಲ, ಅವರೇ. 2023ರಿಂದ ಒಂದೇ ಊರಲ್ಲಿ ಎರಡು ರಾತ್ರಿ ನುಡಿಸುವುದು, ಮೊದಲ ರಾತ್ರಿಯ ಒಂದು ಹಾಡೂ ಎರಡನೇ ರಾತ್ರಿ ಬರದ ಹಾಗೆ ನೋಡಿಕೊಳ್ಳುವುದು ಶುರು ಮಾಡಿದರು. ಅಷ್ಟು ದೊಡ್ಡ ಸ್ಟೇಜ್, ಅಷ್ಟು ಬೆಂಕಿ ಇಟ್ಟುಕೊಂಡೂ ಆಗುತ್ತದೆ ಅಂತ ಆಯಿತಲ್ಲ ಸದಾಶಿವಗಡ ಅಣ್ಣ? ಮೆಲ್ಬರ್ನಿನ ಕಿಂಗ್ ಗಿಝರ್ಡ್ ಆ್ಯಂಡ್ ದ ಲಿಝರ್ಡ್ ವಿಝರ್ಡ್ ಅಂತ ಇನ್ನೊಂದು ಬ್ಯಾಂಡ್ ಇದೆ. 2017 ಒಂದೇ ವರ್ಷ ಐದು ಆಲ್ಬಮ್ ಮಾಡಿದರು. ಅಷ್ಟು ಸರಕು ಇದ್ದರೆ ಪಟ್ಟಿ ತಾನಾಗಿ ಬದಲಾಗುತ್ತದೆ.

ಸದಾಶಿವಗಡ
ಎರಡೂ ರಾತ್ರಿಗೆ ಟಿಕೆಟ್ ಮಾರುವ ಉಪಾಯವೂ ಹೌದು. ಅಕ್ಕನಿಗೆ ಬೇಕಾದ ಹಾಡು ಯಾವ ರಾತ್ರಿ ಬರುತ್ತದೆ ಅಂತ ಯಾರಿಗೆ ಗೊತ್ತು?

ಮತ್ತೆ ಬೀಟಲ್ಸ್ ಮರೆಯಬೇಡಿ. ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಗೆ ಎಷ್ಟೋ ತಾಸು ನುಡಿಸಿ ಕಲಿತವರು ಅವರು. ಅಲ್ಲಿ ಸಿಕ್ಕಿದ ಹಾಡನ್ನೆಲ್ಲ ನುಡಿಸಿದರು. ಜಗತ್ತೇ ಹುಚ್ಚಾದ ಮೇಲೆ? 1966ರ ಆಗಸ್ಟ್ 29, ಸ್ಯಾನ್ ಫ್ರಾನ್ಸಿಸ್ಕೊ, ಟಿಕೆಟ್ ಇಟ್ಟು ಮಾಡಿದ ಕೊನೆಯ ಶೋ. 11 ಹಾಡು, ಅರ್ಧ ತಾಸು, ಮನೆಗೆ. ಕಿರುಚಾಟದಲ್ಲಿ ಅವರಿಗೆ ಅವರದ್ದೇ ಹಾಡು ಕೇಳುತ್ತಿರಲಿಲ್ಲ. ಯಾರಿಗಾಗಿ ಬದಲಿಸಬೇಕಿತ್ತು?

ಅಂಕೋಲೆ ಇಷಾಡ
ಕಾಳಿದಂಡೆಯ ಎರಡನೇ ಪ್ರಶ್ನೆ ಎಲ್ಲರೂ ನುಂಗಿ ನೀರು ಕುಡಿದಿರಿ.

ಮೈಕ್‌ಸೆಟ್, ಕುಮಟಾ
ಹೇಳುತ್ತೇನೆ. ತಮ್ಮಾ, ಮೊದಲ ಎರಡು ಹಾಡು, ಕೊನೆಯ ಎರಡು ಹಾಡು ಗಟ್ಟಿ ಇಟ್ಟುಕೋ. ಮೊದಲನೆಯದು ಜನಕ್ಕಲ್ಲ, ಮಿಕ್ಸರ್ ಹಿಂದೆ ಇರುವವನಿಗೆ. ಡ್ರಮ್ಸ್ ಎಷ್ಟು, ಗಂಟಲು ಎಷ್ಟು ಅಂತ ಅವನು ಆ ಹಾಡಿನಲ್ಲೇ ಹಿಡಿದುಕೊಳ್ಳುವುದು. ಅದಕ್ಕೇ ಮೆಲ್ಲಗಿನ ಹಾಡಿನಿಂದ ಶುರು ಮಾಡಬೇಡ. ನಡುವಿನದು ನಿನ್ನ ಇಷ್ಟ. ಆದರೆ ಒಂದೇ ಶ್ರುತಿಯವನ್ನು ಗುಂಪು ಮಾಡಿಟ್ಟುಕೋ, ಗುಂಪಿನ ಒಳಗೆ ಬದಲಿಸು. ಡ್ರಮ್ಮರ್‌ಗೆ ಒಂದು ಸನ್ನೆ ಇರಲಿ. ಸ್ಟೇಜಿನ ಮೇಲೆ ಗುಸುಗುಸು ಸಭೆ ಬೇಡ, ಒಂದು ನಿಮಿಷ ಸುಮ್ಮನೆ ನಿಂತರೆ ಪೆಂಡಾಲಿನಲ್ಲಿ ಅರ್ಧ ಜನ ಗೋಬಿ ಅಂಗಡಿಗೆ ಹೋಗಿರುತ್ತಾರೆ. ರಾತ್ರಿ 10ಕ್ಕೆ ಮೈಕ್ ಬಂದ್ ಅನ್ನುವುದು ನೆನಪಿರಲಿ.

ಚಂಡೆಪೆಟ್ಟು, ಹೊನ್ನಾವರ
22ರಲ್ಲಿ ಒಂದಾದರೂ ಹಾಡನ್ನು ಎಳೆಯಲು ಕಲಿಯಿರಿ. ಅಷ್ಟು ಸಾಕು.

ಕಾಳಿದಂಡೆ, ಕಾರವಾರ
ಚೌತಿ ಮುಗಿಯಿತು. ವರದಿ ಒಪ್ಪಿಸುತ್ತೇನೆ.

ಮೈಕ್‌ಸೆಟ್ ಅಣ್ಣ ಹೇಳಿದ ಹಾಗೆಯೇ ಮಾಡಿದೆವು. ಮುಂದಿನ ಎರಡು, ಹಿಂದಿನ ಎರಡು ಗಟ್ಟಿ, ನಡುವೆ ಸ್ವಾತಂತ್ರ್ಯ. ಕಮಿಟಿಯವರು ವಾರದ ಮೊದಲೇ ಹಾಡುಗಳ ಪಟ್ಟಿ ಕೇಳಿದ್ದರು. ಪರವಾನಗಿಗೆ ಬೇಕಾಗಿರಬಹುದು ಅಂದುಕೊಂಡು 14 ಹಾಡು ಬರೆದು ಕೊಟ್ಟಿದ್ದೆ.

ಆರನೇ ಹಾಡು ಮುಗಿಯುವಾಗ ಮಳೆ ಹಿಡಿಯಿತು. ಪೆಂಡಾಲಿಗೆ ತಗಡು. ಏಳನೆಯದು ನಮ್ಮ ಪಟ್ಟಿಯಲ್ಲೇ ಅತಿ ಮೆಲ್ಲಗಿನ ಹಾಡು, ಒಂದು ಗಿಟಾರ್, ಒಂದು ಗಂಟಲು. ತಗಡಿನ ಕೆಳಗೆ ನನಗೇ ನನ್ನ ಗಿಟಾರ್ ಕೇಳುತ್ತಿರಲಿಲ್ಲ. ಡ್ರಮ್ಮರ್ ನನ್ನ ಮುಖ ನೋಡಿದ. ಸನ್ನೆ ಮಾಡಿದೆ. ಏಳು ಬಿಟ್ಟು ನೇರ ಹನ್ನೊಂದಕ್ಕೆ, ಗಟ್ಟಿ ಸದ್ದಿನದ್ದಕ್ಕೆ ಹಾರಿದೆವು. ಮಳೆ ನಿಲ್ಲುವವರೆಗೆ ಅದನ್ನೇ ಎಳೆದೆವು, ಒಂಬತ್ತು ನಿಮಿಷವಾದರೂ ಆಗಿರಬೇಕು. ತಗಡಿನ ಸದ್ದಿಗೆ ಡ್ರಮ್ಸ್ ಸೇರಿಕೊಂಡಿತು. ಮಕ್ಕಳೆಲ್ಲ ಎದ್ದು ಕುಣಿದರು. ಚಂಡೆಪೆಟ್ಟು ಅವರೇ, ಆಗ ನಿಮ್ಮ ನೆನಪಾಯಿತು.

ಇಳಿಯುವಷ್ಟರಲ್ಲಿ ಹಾರ್ಡ್‌ವೇರ್ ಅಂಗಡಿಯ ಮಾಲೀಕರೊಬ್ಬರು ಕರಪತ್ರ ಹಿಡಿದು ಸ್ಟೇಜಿನ ಮೆಟ್ಟಿಲ ಹತ್ತಿರ ನಿಂತಿದ್ದರು. ಕಮಿಟಿಯವರು ನನ್ನ ಪಟ್ಟಿಯನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ, ಒಂದೊಂದು ಹಾಡಿಗೆ 501 ರೂಪಾಯಿಯಂತೆ ಪ್ರಾಯೋಜಕರನ್ನು ಹಿಡಿದಿದ್ದರು. ಏಳನೇ ಹಾಡು ಅವರದ್ದು. 'ನನ್ನ ಹಾಡು ಎಲ್ಲಿ?' ಅಂದರು. ಮಳೆ ಅಂದೆ. 'ಮಳೆಗೆ ತಗಡು ಕೊಟ್ಟಿದ್ದೂ ನಾನೇ' ಅಂದರು.

9.52 ಆಗಿತ್ತು. ಮತ್ತೆ ಹತ್ತಿ ಏಳನೆಯದನ್ನು ನುಡಿಸಿದೆವು. 9.57ಕ್ಕೆ ಮುಗಿಯಿತು.

ಅಪ್ಪೆಮಿಡಿ, ಸಿದ್ದಾಪುರ
ಅಂತೂ ಒನ್ಸ್ ಮೋರ್ ಸಿಕ್ಕಿತು ನಿನಗೆ.

ಬೈತಖೋಲ್
ಗ್ರೇಟ್‌ಫುಲ್ ಡೆಡ್‌ಗೆ ಹಾರ್ಡ್‌ವೇರ್ ಅಂಗಡಿಯ ಕಾಟ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಸದಾಶಿವಗಡ
ಏಳನೆಯದಕ್ಕೆ ಮೊದಲು ತಂತಿ ಒರೆಸಿ 'ಇವತ್ತು ನುಡಿಸೋ ಯೋಚನೆ ಇರಲಿಲ್ಲ' ಅಂದೆಯಾ ಇಲ್ಲವಾ?

ಕಾಳಿದಂಡೆ, ಕಾರವಾರ
ಅಂದೆ ಅಣ್ಣ. ಆದರೆ ನನ್ನದು ನಿಜ.